ಪರದೆ ಅಕ್ಕ ಮತ್ತು ಖಾಲಿ ಟಿಕ್

ಮೊದಲಿಗೆ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ. ಒತ್ತಕ್ಷರಗಳು ಜಾರಿ ಕೆಳಗಿನ ಸಾಲಿನ ತಲೆಯ ಮೇಲೆ ಕೂರುತ್ತವೆ. ಪದಗಳೂ ಅಷ್ಟೇ, ಬೇಕಾದಾಗ ಬರುವುದಿಲ್ಲ. ಒಂಬತ್ತನೇ ತರಗತಿಯ ಅರ್ಧಕ್ಕೆ ಶಾಲೆ ಬಿಟ್ಟವಳು ನಾನು. ಆದ್ದರಿಂದ ಪ್ರತಿ ವಾಕ್ಯವನ್ನೂ ಹಳೆಯ ಕಾಗದದ ಮೇಲೆ ಬರೆದು, ಎರಡು ಸಲ ಓದಿ, ಆಮೇಲೆ ಇಲ್ಲಿ ಇಳಿಸುತ್ತಿದ್ದೇನೆ.

ಬರೆಯಲು ಹೇಳಿದವರು ಪ್ರಯೋಗಾಲಯದ ಮೇಡಂ. ಈ ವರ್ಷ ಅವರ ವಿಭಾಗ ಒಂದು ಪುಸ್ತಕ ತರುತ್ತಿದೆ. ಅದರಲ್ಲಿ ವಿಜ್ಞಾನಿಗಳಷ್ಟೇ ಅಲ್ಲದೆ ಗಾಜು ಊದುವವರು, ಪಂಪು ರಿಪೇರಿ ಮಾಡುವವರು, ಬಾಗಿಲು ಕಾಯುವವರ ಬಗ್ಗೆಯೂ ಕೆಲವು ಪುಟ ಇರಬೇಕಂತೆ. "ಪರದೆ ಅಕ್ಕನ ಬಗ್ಗೆ ನೀನೇ ಬರಿ. ಅವರ ಜೊತೆ ಇದ್ದೋಳು ನೀನು," ಎಂದರು. ನಾನು ಹೌದು ಎಂದೆ. ಯಾರು ಏನು ಕೇಳಿದರೂ ನನ್ನ ಬಾಯಿಂದ ಬರುವುದು ಅದೊಂದೇ ಮಾತು. ಪರದೆ ಅಕ್ಕ ನನ್ನ ಚಿಕ್ಕಮ್ಮ, ಅಮ್ಮನ ತಂಗಿ. ಅವಳ ಎಡಗಣ್ಣು ಈಗ ಕಾಣುವುದಿಲ್ಲ. ಅದು ಹೋದದ್ದರಲ್ಲಿ ನನ್ನದೊಂದು ಹೌದು ಇದೆ. ಅದು ನನಗೊಬ್ಬಳಿಗೇ ಗೊತ್ತು.

ಚಿಕ್ಕಮ್ಮ ಹೊಲಿಯುವುದು ಕಪ್ಪು ಬಟ್ಟೆಯನ್ನು ಮಾತ್ರ. ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ. ಚಿಕ್ಕಪ್ಪ ಪ್ರಯೋಗಾಲಯದಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದರು. ಬೆಳಕು ಒಂದಿಷ್ಟೂ ನುಸುಳದಂಥ ಪರದೆ ಹೊಲಿಯುವವರು ಯಾರಾದರೂ ಇದ್ದಾರಾ ಎಂದು ಮೇಡಂ ಕೇಳಿದಾಗ ಅವರು, "ನಮ್ಮನೆಯೋಳಿದಾಳೆ ಮೇಡಂ. ನಾನು ಬಚ್ಚಿಟ್ಟ ಸಿಗರೇಟು ಪೊಟ್ಟಣ ಒಂದು ಸಲಾನೂ ಅವಳ ಕಣ್ಣು ತಪ್ಪಿಸಿಕೊಂಡಿಲ್ಲ, ಇನ್ನು ನಿಮ್ಮ ಬೆಳಕು ಯಾವ ಲೆಕ್ಕ?" ಎಂದಿದ್ದರಂತೆ.

ಕಪ್ಪು ಬಟ್ಟೆ ತೂಗುಹಾಕಿದರೆ ಕತ್ತಲೆ ಆಗುತ್ತದೆ ಎಂದು ನಾನೂ ಅಂದುಕೊಂಡಿದ್ದೆ. ಆಗುವುದಿಲ್ಲ. ಸೂಜಿ ಹೋದಲ್ಲೆಲ್ಲ ಒಂದು ತೂತು, ತೂತಿದ್ದಲ್ಲೆಲ್ಲ ಬೆಳಕು. ಆದ್ದರಿಂದ ಚಿಕ್ಕಮ್ಮ ದಾರಕ್ಕೆ ಮೇಣ ತಿಕ್ಕಿ ಹೊಲಿಯುತ್ತಾಳೆ. ದಾರದ ಮೇಣ ತೂತಿನಲ್ಲಿ ಕೂತು ಬಾಯಿ ಮುಚ್ಚುತ್ತದೆ. ಹೊರಗೆ ದಪ್ಪ ಹತ್ತಿ, ನಡುವೆ ರಬ್ಬರು ಬಳಿದ ಬಟ್ಟೆ, ಒಳಗೆ ಮಖಮಲ್ಲು. ಒಂದು ಪದರದ ಹೊಲಿಗೆ ಇನ್ನೊಂದರ ಹೊಲಿಗೆಯ ಮೇಲೆ ಎಲ್ಲೂ ಬೀಳಬಾರದು. ಪಂಪು ರಿಪೇರಿಯವರು ತಮಾಷೆ ಮಾಡುತ್ತಿದ್ದರು: "ಪರದೆ ಅಕ್ಕ ಕತ್ತಲೇನ ಇಸ್ತ್ರಿ ಮಾಡಿ ಮಡಚಿಡ್ತಾರೆ. ನಮ್ಮನೆಗೂ ಒಂದು ಮಡಿಕೆ ಕೊಡಿ ಅಕ್ಕ, ಮಧ್ಯಾಹ್ನ ನಿದ್ದೆ ಮಾಡೋಕೆ."

"ನಿಮ್ಮ ಗೊರಕೆಗೆ ಪರದೆ ಹೊಲಿಯೋರು ಸಿಕ್ಕಿದ ಮೇಲೆ ಬನ್ನಿ," ಎನ್ನುತ್ತಿದ್ದಳು ಚಿಕ್ಕಮ್ಮ.

ಪ್ರಯೋಗ ನಡೆಯುವ ಕೋಣೆ ನೆಲಮಾಳಿಗೆಯಲ್ಲಿದೆ. ಕಿಟಕಿಯಿಲ್ಲ. ನಾಲ್ಕೂ ಗೋಡೆಗಳ ಹೊರಗೆ ಒಬ್ಬರು ನಡೆದುಹೋಗುವಷ್ಟು ಅಗಲದ ಓಣಿ. ಒಳಗೆ ಗಾಳಿಯ ಮೇಲೆ ನಿಂತ ಭಾರದ ಮೇಜು, ಅದರ ಮೇಲೆ ಗಾಜು, ಕನ್ನಡಿ, ಕೊನೆಯಲ್ಲಿ ಬೆಳಕನ್ನು ಎಣಿಸುವ ಒಂದು ಕೊಳವೆ. ಬೆಳಕು ನೀರಿನ ಹಾಗೆ ಹರಿದು ಬರುವುದಿಲ್ಲ, ಕಾಳುಕಾಳಾಗಿ ಬರುತ್ತದೆ ಎಂದು ಮೇಡಂ ನನಗೆ ಹೇಳಿಕೊಟ್ಟರು. ಕೊಳವೆಗೆ ಒಂದು ಕಾಳು ಬಿದ್ದರೆ ಸ್ಪೀಕರಿನಲ್ಲಿ ಒಂದು ಟಿಕ್.

"ಒಂದೊಂದೇ ಕಾಳನ್ನ ಬಿಡ್ತೀವಿ," ಎಂದರು. "ಮುಂದೆ ಎರಡು ಸೀಳು ಇದೆ. ಯಾವ ಸೀಳಿಂದ ಬಂತು ಅಂತ ನಾವು ತಿಳಿದುಕೊಳ್ಳೋಕೆ ಹೋಗದಿದ್ದರೆ, ಆ ಒಂದೇ ಕಾಳು ಎರಡೂ ಕಡೆಯಿಂದ ಬಂದಿರೋ ಹಾಗೆ ನಡ್ಕೊಳ್ಳುತ್ತೆ. ಒಂದೊಂದೇ ಬಿದ್ದ ಕಾಳುಗಳೆಲ್ಲ ಸೇರಿ ಪಟ್ಟೆಪಟ್ಟೆಯಾಗಿ ಕೂರುತ್ತವೆ. ಯಾವುದರಿಂದ ಅಂತ ಪತ್ತೆ ಹಚ್ಚಿದ್ಯೋ, ಆ ಪಟ್ಟೆ ಮಾಯ."

ಚಿಕ್ಕಮ್ಮ ಸೂಜಿಗೆ ದಾರ ಪೋಣಿಸುತ್ತ, "ನಮ್ಮನೆಯೋರೂ ಹಾಗೇ ಇದ್ರು. ಎಲ್ಲಿಗೆ ಹೋಗಿದ್ರಿ ಅಂತ ಕೇಳದಿದ್ರೆ ಎಲ್ಲಾ ಕಡೆಗೂ ಹೋಗಿಬಂದೋರ ಥರ ಗತ್ತು. ಕೇಳಿದ ತಕ್ಷಣ ಮುದುಡಿಕೊಂಡು ಒಂದು ಮೂಲೆ ಸೇರೋರು," ಎಂದಳು. ಮೇಡಂ ನಕ್ಕು ನಕ್ಕು ಕನ್ನಡಕ ತೆಗೆದು ಒರೆಸಿಕೊಂಡರು.

ಆ ಕೋಣೆಯಲ್ಲಿ ನನಗೆ ಹೆದರಿಕೆ ಹುಟ್ಟಿಸಿದ್ದು ಇನ್ನೊಂದು. ಕೊಳವೆಯ ಬಾಯಿಗೆ ಲೋಹದ ಮುಚ್ಚಳ ಹಾಕಿ, ದೀಪಗಳನ್ನೆಲ್ಲ ಆರಿಸಿದರೂ ಸ್ಪೀಕರು ಸುಮ್ಮನಾಗುವುದಿಲ್ಲ. ಟಿಕ್ ಎನ್ನುತ್ತದೆ. ಸ್ವಲ್ಪ ಬಿಟ್ಟು ಎರಡು ಸಲ, ಟಿಕ್ ಟಿಕ್. ನಿಮಿಷಕ್ಕೆ ಸುಮಾರು ನಲವತ್ತು. ಯಾರೂ ಇಲ್ಲದ ಮನೆಯ ಬಾಗಿಲು ಒಳಗಿನಿಂದ ಬಡಿದ ಹಾಗೆ. ಕೊಳವೆಯ ಲೋಹದಲ್ಲಿರುವ ಬಿಸಿಯಿಂದಲೇ ಒಮ್ಮೊಮ್ಮೆ ಒಂದು ಎಲೆಕ್ಟ್ರಾನು ತಾನಾಗಿ ಹೊರಗೆ ಹಾರುತ್ತದಂತೆ; ಯಂತ್ರ ಅದನ್ನೂ ಬೆಳಕೆಂದೇ ಎಣಿಸುತ್ತದಂತೆ. ತಂಪು ಮಾಡಿದರೆ ಕಡಿಮೆಯಾಗುತ್ತದೆ, ನಿಲ್ಲುವುದಿಲ್ಲ. ಅಲ್ಲಿನವರು ಅದನ್ನು ಖಾಲಿ ಟಿಕ್ ಎನ್ನುತ್ತಾರೆ. ಪ್ರತಿದಿನ ಮೊದಲು ಮುಚ್ಚಳ ಹಾಕಿ ಖಾಲಿ ಟಿಕ್ ಎಣಿಸಿ ಪ್ರಯೋಗದ ದಾಖಲೆ ಪುಸ್ತಕದಲ್ಲಿ ಬರೆಯಬೇಕು, ಆಮೇಲೆ ಸಿಕ್ಕ ಎಣಿಕೆಯಿಂದ ಅಷ್ಟನ್ನು ಕಳೆಯಬೇಕು. ಮೇಡಂ ಇದನ್ನು ನನಗೆ ಹತ್ತು ಸಲವಾದರೂ ಹೇಳಿದ್ದಾರೆ: "ಏನೂ ಇಲ್ಲದಾಗ ಎಷ್ಟು ಕಾಣುತ್ತೆ ಅಂತ ಗೊತ್ತಿಲ್ಲದಿದ್ರೆ, ಕಂಡಿದ್ದಕ್ಕೆ ಬೆಲೆಯಿಲ್ಲ."

ಆ ಪುಸ್ತಕಕ್ಕೆ ಇನ್ನೂ ಒಂದು ನಿಯಮವಿದೆ. ತಪ್ಪು ಬರೆದರೆ ಅಳಿಸುವ ಹಾಗಿಲ್ಲ, ಹಾಳೆ ಹರಿಯುವ ಹಾಗಿಲ್ಲ. ಅದರ ಮೇಲೆ ಒಂದೇ ಗೆರೆ ಎಳೆಯಬೇಕು. ಕೆಳಗಿನ ತಪ್ಪು ಓದಲು ಬರುವಂತಿರಬೇಕು. ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಹಾಕಬೇಕು.

ಬೆಳಕಿನ ಸೋರಿಕೆ ಹುಡುಕುವುದು ಹೀಗೆ. ಚಿಕ್ಕಮ್ಮ ಒಳಗೆ ಸ್ಟೂಲಿನ ಮೇಲೆ ಇಪ್ಪತ್ತು ನಿಮಿಷ ಕಣ್ಣು ತೆರೆದುಕೊಂಡು ಕೂರುತ್ತಾಳೆ. ಅಷ್ಟು ಹೊತ್ತು ಕತ್ತಲೆಗೆ ಒಗ್ಗಿದ ಕಣ್ಣಿಗೆ ಬೆರಳೆಣಿಕೆಯಷ್ಟು ಕಾಳು ಬೆಳಕು ಸಾಕು. ಆಮೇಲೆ ಹೊರಗಿನ ಓಣಿಯಲ್ಲಿ ಒಬ್ಬರು ಟಾರ್ಚ್ ಹಿಡಿದು ಗೋಡೆಯ ಮೇಲೆ ಬಿಡುತ್ತ ಸುತ್ತು ಬರಬೇಕು: ಬಾಗಿಲಿನಿಂದ ಬಲಗೋಡೆ, ಹಿಂದಿನ ಗೋಡೆ, ಕೊನೆಗೆ ಎಡಗೋಡೆ. ಎಲ್ಲಾದರೂ ಮಿಣುಕಿದರೆ ಚಿಕ್ಕಮ್ಮ ಕೂಗುತ್ತಾಳೆ. ಏನೂ ಕಾಣದಿದ್ದರೆ "ಕತ್ತಲಾಯ್ತು" ಎನ್ನುತ್ತಾಳೆ. ಅವಳು ಆ ಮಾತು ಹೇಳದೆ ಮೇಡಂ ಪ್ರಯೋಗ ಶುರು ಮಾಡುತ್ತಿರಲಿಲ್ಲ.

ಇಪ್ಪತ್ತು ವರ್ಷ ಹೊರಗೆ ನಡೆದವರು ಚಿಕ್ಕಪ್ಪ. ಅವರಿಗೆ ಮೊಣಕಾಲು ನೋವು. ಎರಡು ಹೆಜ್ಜೆ ಬೇಗ, ಒಂದು ಹೆಜ್ಜೆ ನಿಧಾನ. ಸೋರಿಕೆಯಿದ್ದರೆ ಬೆಳಕೂ ಹಾಗೇ ಬರುತ್ತಿತ್ತಂತೆ. ಮಿಣುಕ್ ಮಿಣುಕ್, ಬಿಟ್ಟು ಇನ್ನೊಂದು ಮಿಣುಕ್. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಚಿಕ್ಕಮ್ಮ ಒಳಗೆ ಕೂತು ಕಾದಳು. ಬಲಗಡೆ ಏನೂ ಕಾಣಲಿಲ್ಲ. ಹಿಂದೆ ಏನೂ ಕಾಣಲಿಲ್ಲ. ಎಡಗಡೆಯೂ ಕಾಣಲಿಲ್ಲ. ಒಳ್ಳೆಯದಾಯಿತು ಎಂದುಕೊಂಡು "ಕತ್ತಲಾಯ್ತು" ಎಂದು ಕೂಗಿದಳು. ಹೊರಗೆ ಬಂದು ನೋಡಿದರೆ ಚಿಕ್ಕಪ್ಪ ಎಡ ಓಣಿಯ ತಿರುವಿನಲ್ಲಿ ಬಿದ್ದಿದ್ದರು. ಹೃದಯ ನಿಂತಿತ್ತು. ಟಾರ್ಚ್ ಉರುಳಿ ಆರಿಹೋಗಿತ್ತು. ಎಡಗೋಡೆಯ ತನಕ ಅವರು ಬಂದೇ ಇರಲಿಲ್ಲ.

ಇದನ್ನು ಚಿಕ್ಕಮ್ಮ ನನಗೆ ಒಂದೇ ಸಲ ಹೇಳಿದ್ದು. ಹೇಳಿ, "ನಾನು ಒಳಗೆ ಕೂತು ಖುಷಿ ಪಟ್ಟೆ ಕಣೇ," ಎಂದು ಎದ್ದುಹೋದಳು.

ಶಾಲೆ ಬಿಟ್ಟು ನಾನು ಅವಳ ಮನೆಗೆ ಬಂದಮೇಲೆ ಟಾರ್ಚ್ ನನ್ನ ಕೈಗೆ ಬಂತು. ಪುಸ್ತಕದಲ್ಲಿ ಬರೆಯುವುದೂ ನನ್ನದೇ. ಬಲಗೋಡೆ, ಹಿಂದಿನ ಗೋಡೆ ನಾನು ಸರಿಯಾಗಿಯೇ ನಡೆಯುತ್ತಿದ್ದೆ. ಎಡ ಓಣಿಯ ತಿರುವು ಬಂದರೆ ಚಿಕ್ಕಪ್ಪ ಅಲ್ಲಿ ಬಿದ್ದದ್ದು ನೆನಪಾಗುತ್ತಿತ್ತು. ಟಾರ್ಚ್ ಬಿಟ್ಟರೆ ಅಲ್ಲಿ ಏನಾದರೂ ಕಂಡುಬಿಟ್ಟರೆ? ಅದಕ್ಕೆ ತಿರುವಿನಲ್ಲಿ ಟಾರ್ಚ್ ಆರಿಸಿ, ಗೋಡೆಗೆ ಬೆನ್ನು ಕೊಟ್ಟು, ಮನಸ್ಸಿನಲ್ಲಿ ಇಪ್ಪತ್ತರ ತನಕ ಎಣಿಸಿ, ಆಮೇಲೆ ಟಾರ್ಚ್ ಹಾಕಿ ಓಡುವಂತೆ ದಾಟುತ್ತಿದ್ದೆ. ಇದು ಯಾರಿಗೂ ತಿಳಿದಿರಲಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಹಾಗೇ ತಿರುವಿನಲ್ಲಿ ನಿಂತಿದ್ದೆ. ಏಳೋ ಎಂಟೋ ಎಣಿಸಿದ್ದೆ. ಟಾರ್ಚ್ ಆರಿತ್ತು. ಒಳಗಿನಿಂದ ಚಿಕ್ಕಮ್ಮನ ದನಿ ಕೇಳಿತು:

"ಬಂತು! ಎಡಗಡೆ ಬಂತು!"

ಓಣಿಯಲ್ಲಿ ಬೇರೆ ಬೆಳಕೇ ಇರಲಿಲ್ಲ.

"ಪುಟ್ಟೀ, ಎಡಗೋಡೆ ಹತ್ರ ಇದೀಯಾ? ಬಾಯಿಗೇನು ಬೀಗ ಹಾಕ್ಕೊಂಡಿದೀಯಾ? ಟಾರ್ಚ್ ಹಾಕಿದೀಯಾ?"

ಇಲ್ಲ ಎಂದರೆ, ಮತ್ತೆ ಅಲ್ಲಿ ಕತ್ತಲಲ್ಲಿ ಏನು ಮಾಡುತ್ತಿದ್ದೀಯಾ ಎಂದು ಕೇಳುತ್ತಾಳೆ. ಹೆದರಿ ನಿಂತಿದ್ದೆ ಎಂದು ಹೇಳಬೇಕಾಗುತ್ತದೆ. ಯಾರಿಗೆ ಹೆದರಿ ಎಂದೂ ಹೇಳಬೇಕಾಗುತ್ತದೆ.

"ಹೌದು, ಚಿಕ್ಕಮ್ಮ," ಎಂದೆ.

ಅಂದು ಪುಸ್ತಕದ ನಲವತ್ತೊಂದನೇ ಪುಟದಲ್ಲಿ ನಾನೇ ಬರೆದೆ: ಎಡಗೋಡೆ. ಟಾರ್ಚ್ ಉರಿಯುತ್ತಿತ್ತು. ಬೆಳಕು ಕಂಡಿತು. ಕೆಳಗೆ ಇಬ್ಬರ ಸಹಿ.

ಚಿಕ್ಕಮ್ಮ ಎಡಗೋಡೆಗೆ ಇನ್ನೊಂದು ಪದರ ಮಖಮಲ್ಲು ಹೊಲಿದಳು. ಮರುದಿನವೂ ಬೆಳಕು ಕಂಡಿತು. ಮತ್ತೊಂದು ಪದರ ಹಾಕಿದಳು. ಮತ್ತೂ ಕಂಡಿತು. ಯಂತ್ರ ಮಾತ್ರ ಮುಚ್ಚಳ ಹಾಕಿದರೂ ನಲವತ್ತು, ತೆಗೆದರೂ ನಲವತ್ತು ಎನ್ನುತ್ತಿತ್ತು. ಮೇಡಂ ಅದನ್ನು ನಂಬಲಿಲ್ಲ. ಹಿಂದೊಮ್ಮೆ ಯಂತ್ರ ಸರಿಯಿದೆ ಎಂದಾಗ ಚಿಕ್ಕಮ್ಮ ಮೇಲ್ಛಾವಣಿಯ ಒಂದು ಮೊಳೆಯ ಪಕ್ಕ ಕೂದಲೆಳೆಯಷ್ಟು ಸೀಳು ತೋರಿಸಿದ್ದಳಂತೆ. "ಯಂತ್ರ ಒಂದೇ ಕಡೆ ನೋಡುತ್ತೆ, ಅಕ್ಕ ಎಲ್ಲಾ ಕಡೆ ನೋಡ್ತಾರೆ," ಎಂದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು:

"ಒಂದು ವಿಷಯ. ಟಾರ್ಚ್ ಆರಿಸಿದಾಗ ಏನು ಕಾಣುತ್ತೆ ಅಂತ ನೋಡಿದೀರಾ? ಖಾಲಿ ಟಿಕ್ ತೆಗೆದಿದೀರಾ? ಬೆಳಕು ಬರೋದು ಟಾರ್ಚ್ ಹಾಕಿದಾಗ ಮಾತ್ರಾನಾ?"

ಇಡೀ ವಿಷಯ ಆ ಒಂದು ಪ್ರಶ್ನೆಯಲ್ಲಿತ್ತು. ಉತ್ತರ ನನ್ನೊಬ್ಬಳ ಹತ್ತಿರ ಇತ್ತು. ನಾನು ಪುಸ್ತಕ ನೋಡುತ್ತ, "ಹೌದು ಮೇಡಂ, ಹಾಕಿದಾಗ ಮಾತ್ರ," ಎಂದೆ.

ಒಂದು ಸುಳ್ಳನ್ನು ಬರೆದಿಟ್ಟಮೇಲೆ ಅದು ಬರೆದವಳಿಗೇ ಪುರಾವೆಯಾಗುತ್ತದೆ ಎಂದು ನನಗೆ ಅವತ್ತು ತಿಳಿಯಿತು.

ನಿಜ ಹೇಳಬೇಕೆಂದರೆ ನಾನು ಆ ಬೆಳಕು ಚಿಕ್ಕಪ್ಪನದೇ ಎಂದು ನಂಬಿದ್ದೆ. ಟಾರ್ಚ್ ಆರಿದ್ದಾಗ ಬೆಳಕು ಕಂಡರೆ ಇನ್ನಾರದು? ಎರಡನೇ ವಾರ ಚಿಕ್ಕಮ್ಮನೂ ಅದನ್ನೇ ಹೇಳಿದಳು. ಊಟದ ತಟ್ಟೆ ತೊಳೆಯುತ್ತ, ತಲೆ ಎತ್ತದೆ, "ಆ ಬೆಳಕು ಹಿಡಿದು ನಡೀತಿರೋದು ನೀನಲ್ಲ ಕಣೇ," ಎಂದಳು.

ನಾನು ಒರೆಸುತ್ತಿದ್ದ ಲೋಟ ಕೆಳಗಿಟ್ಟೆ.

"ಟಾರ್ಚ್ ನಿಂದೇ, ನಡಿಗೆ ನಿಂದಲ್ಲ. ನೀನು ಆ ಓಣೀಲಿ ಮೊಲದ ಥರ ಓಡ್ತೀಯ, ನನಗೆ ಗೊತ್ತಾಗಲ್ವಾ? ಆ ಬೆಳಕು ನಿಧಾನಕ್ಕೆ ಬರುತ್ತೆ. ಎರಡು ಬೇಗ, ಒಂದು ನಿಧಾನ. ನಿನ್ನ ಹಿಂದೆ ಬರ್ತಿದಾರೆ. ಅವತ್ತು ಅರ್ಧಕ್ಕೆ ನಿಂತಿತ್ತಲ್ಲ, ಅದನ್ನ ಮುಗಿಸ್ತಿದಾರೆ."

ಅಂದಿನಿಂದ ಅವಳು ಎಡಗೋಡೆಗೆ ಪದರ ಹೊಲಿಯುವುದನ್ನು ನಿಲ್ಲಿಸಿದಳು. ಹೊಲಿಯುವಂತೆ ಕೂರುತ್ತಿದ್ದಳು, ಅಷ್ಟೇ. ಮೇಡಂ ಕೇಳಿದರೆ "ಇನ್ನೂ ಕತ್ತಲಾಗಿಲ್ಲ," ಎನ್ನುತ್ತಿದ್ದಳು. ಮುಖದಲ್ಲಿ ಎಂದೂ ಇಲ್ಲದ ಕಳೆ. ಒಂದು ದಿನ ಮನೆಯ ಸಾಮಾನಿನ ಕೋಣೆಯಿಂದ ಹೊರಬಂದು ಕಿವಿಯಲ್ಲಿ, "ಇಲ್ಲಿಗೂ ಬಂದಿದ್ರು," ಎಂದಳು. ಆ ಕೋಣೆಯಲ್ಲಿ ಬಲ್ಬು ಸುಟ್ಟುಹೋಗಿ ವಾರವಾಗಿತ್ತು. ಹಗಲಲ್ಲಿ ಇಲ್ಲದ ನೊಣವನ್ನು ಓಡಿಸುವಂತೆ ಎಡಗಣ್ಣಿನ ಮುಂದೆ ಕೈ ಬೀಸುತ್ತಿದ್ದಳು. ನಾನು ಅದನ್ನೆಲ್ಲ ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ. ನೋಡಿದ್ದರಿಂದ ಏನೂ ಆಗಲಿಲ್ಲ.

ಆ ಸೋಮವಾರದಿಂದ ಇಪ್ಪತ್ತಮೂರನೇ ದಿನ, ಪಡಸಾಲೆಯಲ್ಲಿ ಬಿಸಿಲು ಬಿದ್ದಿತ್ತು. ಚಿಕ್ಕಮ್ಮ ಬಟ್ಟೆ ಕತ್ತರಿಸುತ್ತಿದ್ದವಳು ತಲೆ ಎತ್ತಿ, "ಈ ಪರದೆ ಯಾಕೆ ಎಳೆದೆ ಪುಟ್ಟೀ? ಕತ್ತರಿ ಹೋಗೋ ದಾರಿ ಕಾಣ್ತಿಲ್ಲ," ಎಂದಳು.

"ಯಾವ ಪರದೆ?"

"ಇದೇ, ಎಡಗಡೆ. ಅರ್ಧ ಎಳೆದಿದೀಯಲ್ಲ."

ನಮ್ಮ ಪಡಸಾಲೆಯಲ್ಲಿ ಪರದೆ ಇಲ್ಲ. ಜನ್ಮವಿಡೀ ಪರದೆ ಹೊಲಿದವಳು ತನ್ನ ಮನೆಯಲ್ಲಿ ಒಂದೂ ಕಟ್ಟಿಲ್ಲ, ಮನೆಗೆ ಬೆಳಕು ಬೇಕು ಎಂದು. ಅವಳು ಎಡಗೈ ಚಾಚಿ ಗಾಳಿಯನ್ನು ಪಕ್ಕಕ್ಕೆ ಸರಿಸಲು ನೋಡಿದಳು. ಸರಿಸಿದಳು, ಮತ್ತೆ ಸರಿಸಿದಳು. ಆ ಕೈ ನನಗೆ ಈಗಲೂ ಕಾಣುತ್ತದೆ.

ಕಣ್ಣಾಸ್ಪತ್ರೆಯ ಡಾಕ್ಟರು ಬಹಳ ಹೊತ್ತು ನೋಡಿದರು. ಕಣ್ಣಿನ ಹಿಂಬದಿಯಲ್ಲಿ, ಬೆಳಕು ಬೀಳುವ ತೆಳ್ಳನೆಯ ಪೊರೆ ಹರಿದು ಗೋಡೆಯಿಂದ ಬಿಟ್ಟುಕೊಂಡಿತ್ತು. "ಹರಿಯೋ ಮೊದಲು ಮತ್ತೆ ಹರಿಯೋವಾಗ ಆ ಪೊರೆ ಎಳೆದ ಹಾಗಾಗುತ್ತೆ. ಕಣ್ಣಿಗೆ ಎಳೆತ ಗೊತ್ತಾಗಲ್ಲ, ಬೆಳಕು ಅಂತಲೇ ಹೇಳುತ್ತೆ. ಕತ್ತಲಲ್ಲಿ, ಪಕ್ಕದಲ್ಲಿ ಮಿಂಚಿದ ಹಾಗೆ. ನಿಮಗೆ ಕಂಡಿತ್ತಾ ಅಮ್ಮ?"

ಚಿಕ್ಕಮ್ಮ ಸ್ವಲ್ಪವೂ ತಡವರಿಸದೆ, "ಇಲ್ಲ ಡಾಕ್ಟ್ರೇ. ನಾನು ನೋಡಿದ್ದು ಟಾರ್ಚ್ ಬೆಳಕು. ಇವಳೇ ಹಾಕಿದ್ಲು, ಬುಕ್ಕಲ್ಲಿ ಬರೆದಿದೆ. ಅಲ್ವೇನೇ?" ಎಂದಳು.

ನಾನು ಹೌದೆಂದು ತಲೆಯಾಡಿಸಿದೆ.

"ಮೂರು ವಾರ ಮುಂಚೆ ಬಂದಿದ್ರೆ ಲೇಸರಲ್ಲಿ ಹರಿದ ಜಾಗದ ಸುತ್ತ ಬೆಸೆದುಬಿಡಬಹುದಿತ್ತು," ಎಂದರು ಡಾಕ್ಟರು. "ಹತ್ತು ನಿಮಿಷದ ಕೆಲಸ."

ಆಪರೇಷನ್ ಮಾಡಿದರು. ಪೊರೆ ಕೂತಿತು, ನೋಟ ಬರಲಿಲ್ಲ. ನೋಡಲು ಬಂದ ಮೇಡಂ ಚಿಕ್ಕಮ್ಮನ ಕೈ ಹಿಡಿದು ಕೂತಿದ್ದರು. ಲೇಸರ್ ಎಂದರೇನು ಎಂದು ನಾನು ಕೇಳಿದೆ. ಅವರನ್ನು ನಾನಾಗಿ ಕೇಳಿದ ಮೊದಲ ಪ್ರಶ್ನೆ ಅದು. "ಅದೂ ನಮ್ಮ ಕಾಳುಗಳೇ," ಎಂದರು. "ಅಣುವೊಂದು ಒಂದು ಕಾಳು ಬೆಳಕನ್ನ ಬಿಡೋಕೆ ಸಿದ್ಧವಾಗಿ ನಿಂತಿರುತ್ತೆ. ಪಕ್ಕದಲ್ಲಿ ಅದೇ ಥರದ ಇನ್ನೊಂದು ಕಾಳು ಹಾದುಹೋದರೆ, ಇದೂ ಹೊರಗೆ ಬಂದು ಅದರ ಜೊತೆ ಹೆಜ್ಜೆ ಹಾಕುತ್ತೆ. ಹಾಗೆ ಕೋಟಿ ಕೋಟಿ ಸೇರಿದರೆ ಲೇಸರ್."

ಚಿಕ್ಕಮ್ಮ ಪಟ್ಟಿ ಕಟ್ಟಿದ ಮುಖವನ್ನು ಅವರ ಕಡೆ ತಿರುಗಿಸಿ, "ಊರಿಗೆಲ್ಲ ಹೊಲಿದುಕೊಟ್ಟೆ ಮೇಡಂ. ನನ್ನ ಕಣ್ಣಿಗೆ ನಾಲ್ಕು ಹೊಲಿಗೆ ಹಾಕೋಕೆ ಹೊತ್ತಿಗೆ ಸರಿಯಾಗಿ ಯಾರೂ ಸಿಗಲಿಲ್ಲ ನೋಡಿ," ಎಂದು ನಕ್ಕಳು. ನಾನು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತೆ.

ಮನೆಗೆ ಕಳಿಸುವಾಗ ಡಾಕ್ಟರು ನನ್ನನ್ನು ಕರೆದು ಎರಡು ಸಲ ಹೇಳಿದರು: ಒಂದು ಕಣ್ಣಿಗೆ ಆದವರಿಗೆ ಇನ್ನೊಂದಕ್ಕೂ ಆಗಬಹುದು, ಬಲಗಣ್ಣಿನಲ್ಲಿ ಮಿಂಚು ಕಂಡ ದಿನವೇ ಕರೆದುಕೊಂಡು ಬಾ. ನಾನು ಹೌದು ಎಂದೆ.

ಈಗ ಆರು ತಿಂಗಳಾಯಿತು. ಚಿಕ್ಕಮ್ಮ ಪ್ರಯೋಗಾಲಯಕ್ಕೆ ಹೋಗುವುದಿಲ್ಲ. ಮನೆಯಲ್ಲೇ ಕೂತು ಒಂದು ಕಣ್ಣಲ್ಲಿ, ಮಿಕ್ಕಿದ್ದಕ್ಕೆ ಬೆರಳಲ್ಲಿ ಹೊಲಿಯುತ್ತಾಳೆ. ಸಂಜೆ ದೀಪ ಹಾಕುವ ಮೊದಲು ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತಾಳೆ. "ಈ ಕಣ್ಣಿಗೆ ಬೇರೇನೂ ಕಾಣಲ್ಲ. ಅವರು ಮಾತ್ರ ಕಾಣ್ತಾರೆ," ಎಂದು ಒಮ್ಮೆ ಹೇಳಿದಳು. ಆ ಹೊತ್ತಿನಲ್ಲಿ ನನಗೂ ಗೋಡೆಯ ಗಡಿಯಾರ ಎರಡು ಟಿಕ್ ಬೇಗ, ಒಂದು ಟಿಕ್ ನಿಧಾನ ಹೊಡೆದಂತೆ ಕೇಳುತ್ತದೆ. ಎಣಿಸಿ ನೋಡಿದ್ದೇನೆ. ಹಾಗೇನೂ ಇಲ್ಲ.

ಅವಳಿಗೆ ನಿಜ ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದಿದ್ದೇನೆ. ಹೇಳಿದರೆ ಅವಳಿಗೆ ಕಣ್ಣೂ ಹೋಗಿ ಚಿಕ್ಕಪ್ಪನೂ ಹೋಗುತ್ತಾರೆ. ಅಥವಾ, ಟಾರ್ಚ್ ಆರಿತ್ತು ಎಂದರೆ, ಹಾಗಾದರೆ ಬಂದದ್ದು ಅವರೇ ಎಂದು ಇನ್ನೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾಳೆ. ಎರಡಕ್ಕೂ ಹೆದರಿ ಸುಮ್ಮನಿದ್ದೆ. ಈ ಬರಹವನ್ನು ಮೇಡಂಗೆ ಕೊಡುವ ಮೊದಲು ಅವಳಿಗೆ ಓದಿ ಹೇಳಬೇಕೆಂದು ನಿನ್ನೆ ತನಕ ಯೋಚಿಸಿದ್ದೆ.

ಇಲ್ಲಿಯ ತನಕ ನಿನ್ನೆ ಬರೆದಿದ್ದು. ಇಂದು ಬೆಳಿಗ್ಗೆ ಪೆನ್ನು ತೆಗೆದುಕೊಂಡು ಕೂತಾಗ ಚಿಕ್ಕಮ್ಮ ಒಳಕೋಣೆಯಿಂದ ಕೂಗಿ ಹೇಳಿದಳು. ದನಿಯಲ್ಲಿ ನಗು ಇತ್ತು.

"ಪುಟ್ಟೀ, ಕೇಳಿಸ್ಕೊಂಡ್ಯಾ? ನಿಮ್ಮ ಚಿಕ್ಕಪ್ಪ ಇವತ್ತಿಂದ ಬಲಗಡೆಯಿಂದಲೂ ಬರ್ತಿದಾರೆ. ಸುತ್ತು ಪೂರ್ತಿ ಆಯ್ತು ನೋಡು."

ಕಣ್ಣಾಸ್ಪತ್ರೆ ಎಂಟಕ್ಕೆ ತೆರೆಯುತ್ತದೆ. ಈಗ ಏಳು ಗಂಟೆ ಹತ್ತು ನಿಮಿಷ. ಏಳೂವರೆಗೆ ಬಸ್ಸಿದೆ. ನಾನು ಎದ್ದು ಒಳಗೆ ಹೋಗಿ ಚಿಕ್ಕಮ್ಮನಿಗೆ ಅವತ್ತು ಟಾರ್ಚ್ ಆರಿತ್ತು ಎಂದು ಹೇಳುತ್ತೇನೆ. ಅವಳು ಏನೇ ಅಂದರೂ, ಬರುವುದಿಲ್ಲ ಎಂದು ಹಟ ಹಿಡಿದರೂ, ಕೈ ಹಿಡಿದು ಆ ಬಸ್ಸಿಗೆ ಹತ್ತಿಸುತ್ತೇನೆ. ಡಾಕ್ಟರು ಕೇಳಿದಾಗ ನಾನೇ ಮಾತಾಡುತ್ತೇನೆ. ಲೇಸರ್ ಆದಮೇಲೆ ಪ್ರಯೋಗಾಲಯಕ್ಕೆ ಹೋಗಿ, ನಲವತ್ತೊಂದನೇ ಪುಟದಲ್ಲಿ "ಉರಿಯುತ್ತಿತ್ತು" ಎಂಬುದರ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ "ಆರಿತ್ತು" ಎಂದು ಬರೆದು ಸಹಿ ಹಾಕುತ್ತೇನೆ.